ಒಂಟಿ ಸುತ್ತು

ಅಪ್ಪ ಕಾಣೆಯಾದ ಭಾನುವಾರ ನಾನು ಪೊಲೀಸರಿಗೆ ಬರೆಸಿದ ಸಮಯ ಬೆಳಗ್ಗೆ ಹನ್ನೊಂದು ಗಂಟೆ. ಅದು ಸುಳ್ಳು. ಅಪ್ಪ ಕಾರು ಓಡಿಸಿಕೊಂಡು ಹೋದದ್ದು ಎಂಟೂ ನಲವತ್ತಕ್ಕೆ, ನನ್ನ ಕಣ್ಣೆದುರಿಗೇ. ಕೀ ಕೊಟ್ಟವಳೂ ನಾನೇ, ಪಕ್ಕದ ಸೀಟಿನಿಂದ ಇಳಿದು ಬಾಗಿಲು ಹಾಕಿದವಳೂ ನಾನೇ. ನಡುವಿನ ಆ ಎರಡು ಗಂಟೆ ಇಪ್ಪತ್ತು ನಿಮಿಷವನ್ನು ನುಂಗಿಕೊಂಡು ಇಪ್ಪತ್ತೆಂಟು ದಿನ ತಿರುಗಿದೆ. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನಮ್ಮದು ಡ್ರೈವಿಂಗ್ ಸ್ಕೂಲು. ಮನೆಯ ಮುಂದಿನ ಕೋಣೆಯೇ ಆಫೀಸು. ಒಂದು ಮೇಜು, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಕಲಿಯಲು ಬಂದವರು ಕೂರಲು ಒಂದು ಬೆಂಚು, ಹೊರಗೆ ಎರಡು ಕಾರು. ಇಂಥ ಕಾರಿನಲ್ಲಿ ಸ್ಟೀರಿಂಗು ಕಲಿಯುವವರ ಕೈಯಲ್ಲಿರುತ್ತದೆ. ಪಕ್ಕದ ಸೀಟಿನ ಕಾಲಡಿ ಇನ್ನೊಂದು ಬ್ರೇಕಿರುತ್ತದೆ, ಅದು ಕಲಿಸುವವರದ್ದು. ಅಪ್ಪ ನಲವತ್ತೊಂದು ವರ್ಷ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸಂಸಾರ ತೂಗಿಸಿದರು. ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಯಾರಾದರೂ ಅಡ್ಡಾದಿಡ್ಡಿ ಓಡಿಸಿದರೆ ಜನ, ಇವನು ಬ್ರೇಕ್ ಮೇಷ್ಟ್ರ ಹತ್ತಿರ ಕಲಿತವನಲ್ಲ ಎಂದು ಬೈಯುತ್ತಾರೆ. ಹಾಗೆ ಓಡಿಸುವವರಲ್ಲಿ ಅರ್ಧದಷ್ಟು ಜನ ನಮ್ಮಲ್ಲೇ ಕಲಿತವರು ಎಂಬುದು ಬೇರೆ ಮಾತು.

ಒಂಟಿ ಸುತ್ತು ಅಪ್ಪನೇ ಮಾಡಿಟ್ಟ ಪದ್ಧತಿ. ಹದಿನೈದು ಕ್ಲಾಸು ಮುಗಿದ ಮೇಲೆ, ಹದಿನಾರನೆಯ ದಿನ ಮೇಷ್ಟ್ರು ಕಾರಿನಿಂದ ಇಳಿದುಬಿಡುತ್ತಾರೆ. ಕಲಿತವರು ಒಬ್ಬರೇ ಒಂದು ಸುತ್ತು ಹೋಗಿ ಅದೇ ಜಾಗಕ್ಕೆ ಬಂದು ನಿಲ್ಲಿಸಬೇಕು. ಅಲ್ಲಿಯವರೆಗೆ ಮೇಷ್ಟ್ರು ನಿಂತ ಜಾಗದಿಂದ ಕದಲುವಂತಿಲ್ಲ. ನೀರು ಕುಡಿಯಲೂ ಹೋಗುವಂತಿಲ್ಲ. ವಾಪಸ್ ಬಂದವನ ಕಣ್ಣಿಗೆ ಮೇಷ್ಟ್ರು ಬೀಳದಿದ್ದರೆ ಅವನ ಧೈರ್ಯವೆಲ್ಲ ಅಲ್ಲೇ ಕರಗಿಹೋಗುತ್ತದೆ ಎಂಬುದು ಅಪ್ಪನ ವಾದ. ಒಮ್ಮೆ ಒಬ್ಬ ದರ್ಜಿ ಒಂಟಿ ಸುತ್ತಿಗೆ ಹೋಗಿ, ಟೈರು ಪಂಕ್ಚರಾಗಿ, ಬೇರೆ ಟೈರು ಹಾಕಲು ಬರದೆ ಒದ್ದಾಡಿದ. ಅಪ್ಪ ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತೇ ಇದ್ದರು. ಮನೆಗೆ ಬಂದು ಜ್ವರ ಹಿಡಿದು ಮಲಗಿದಾಗ ಅಮ್ಮ, ಅವನು ಬಾರದೇ ಇದ್ದಿದ್ದರೆ ಅಲ್ಲೇ ಬೇರು ಬಿಡುತ್ತಿದ್ದಿರಾ ಎಂದು ಕೇಳಿದ್ದಳು. ಮದುವೆ ಮುರಿದು ತವರಿಗೆ ವಾಪಸ್ ಬಂದ ನಾನು ಹತ್ತೊಂಬತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಿದ್ದೇನೆ. ಅಪ್ಪನ ಎಷ್ಟೋ ಮಾತಿಗೆ ಎದುರಾಡಿದ್ದೇನೆ, ಆ ಒಂದು ನಿಯಮ ಮುರಿದಿಲ್ಲ.

ಅಪ್ಪನಿಗೆ ಮರೆವು ಶುರುವಾದದ್ದು ನಮಗೆ ಗೊತ್ತೇ ಆಗಲಿಲ್ಲ. ಶಿಷ್ಯರ ಹೆಸರು ಮರೆಯುತ್ತಿದ್ದರು. ಆದರೆ ಅವರು ಮೊದಲಿನಿಂದಲೂ ಎಲ್ಲರನ್ನೂ ಏನಪ್ಪಾ, ಏನಮ್ಮಾ ಎಂದೇ ಕರೆಯುತ್ತಿದ್ದವರು. ಆಮೇಲೆ ಒಂದು ದಿನ ಕಲಿಯಲು ಬಂದ ಬ್ಯಾಂಕಿನ ಹೆಂಗಸೊಬ್ಬಳನ್ನು ನೇರ, ನೇರ ಎನ್ನುತ್ತಾ ಪಕ್ಕದ ಊರಿನವರೆಗೂ ಕರೆದುಕೊಂಡು ಹೋದರು. ಆಕೆ ಮರ್ಯಾದಸ್ಥೆ, ಮೇಷ್ಟ್ರನ್ನು ಪ್ರಶ್ನಿಸುವುದು ಹೇಗೆಂದು ಬಾಯಿ ಮುಚ್ಚಿಕೊಂಡು ಓಡಿಸಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಕಲಿಸುವುದೂ ಬೇಡ, ಓಡಿಸುವುದೂ ಬೇಡ ಎಂದರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ತಮ್ಮ, ಬೇರೆ ಮನೆ ಮಾಡಿಕೊಂಡಿದ್ದರೂ, ಅಂದೇ ಬಂದು ಕಟ್ಟಪ್ಪಣೆ ಮಾಡಿದ: ಎರಡೂ ಕಾರಿನ ಕೀ ಅಮ್ಮನ ಹೊಲಿಗೆ ಡಬ್ಬಿಯಲ್ಲಿರಬೇಕು, ಅಪ್ಪನ ಕೈಗೆ ಸಿಗಬಾರದು. ಅಮ್ಮ ಗುಂಡಿ, ಸೂಜಿ, ದಾರಗಳ ಕೆಳಗೆ ಕೀ ಹೂತಿಟ್ಟು ಕಾವಲು ಕಾದಳು.

ಕೆಲಸ ತಪ್ಪಿದ ಮೇಲೆ ಅಪ್ಪ ಮನೆಯೊಳಗೇ ಸುತ್ತತೊಡಗಿದರು. ಅಡುಗೆಮನೆಯಿಂದ ಆಫೀಸಿಗೆ, ಆಫೀಸಿನಿಂದ ಅಂಗಳಕ್ಕೆ, ದಿನವಿಡೀ. ಚಪ್ಪಲಿ ಸವೆದದ್ದು ಮನೆಯೊಳಗೇ. ಒಂದು ದಿನ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆ ಬಾಚಿಕೊಂಡು ಆಫೀಸಿನ ಬೆಂಚಿನ ಮೇಲೆ, ಕಲಿಯಲು ಬಂದವರ ಸಾಲಿನಲ್ಲಿ ಕೂತಿದ್ದಾರೆ. ಅವರ ಸರದಿ ಬಂದಾಗ ಎದ್ದು ನಿಂತರು.

"ಮೇಡಂ, ನಂಗೂ ಕಲಿಸ್ತೀರಾ? ವಯಸ್ಸಾಗಿದೆ, ನಿಜ. ಆದ್ರೆ ಹೇಳಿದ ಮಾತು ಕೇಳ್ತೀನಿ."

ನಾನು ನಕ್ಕೆ. ನಕ್ಕು ಒಳಗೆ ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮರುದಿನವೂ ಬಂದು ಕೂತರು. ಅದರ ಮರುದಿನವೂ. ಎಂಟನೆಯ ದಿನ ನಾನು ಸೋತೆ.

ಭಾನುವಾರ ಸ್ಕೂಲಿಗೆ ರಜೆ. ಅಮ್ಮ ಬೆಳಗ್ಗೆ ಏಳೂವರೆಗೆ ತನ್ನ ಅಕ್ಕನ ಮನೆಗೆ ಹೋದರೆ ಹನ್ನೊಂದೂವರೆಗೆ ವಾಪಸ್ಸು. ಆ ಹೊತ್ತಿನಲ್ಲಿ ನಾನು ಡಬ್ಬಿಯಿಂದ ಕೀ ತೆಗೆದು, ಹಳೆಯ ಬಿಳಿ ಕಾರಿನ ನೆತ್ತಿಯ ಮೇಲಿನ ಸ್ಕೂಲಿನ ಬೋರ್ಡು ಕಳಚಿಟ್ಟು, ಅಪ್ಪನನ್ನು ಮುಚ್ಚಿಹೋದ ಗಾಜಿನ ಕಾರ್ಖಾನೆಯ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಸುತ್ತ ಎತ್ತರದ ಗೋಡೆ, ನಡುವೆ ಕಾರ್ಖಾನೆಯ ಉದ್ದನೆಯ ಕಟ್ಟಡ, ಅದರ ಸುತ್ತ ಸಿಮೆಂಟಿನ ದಾರಿ. ಅಲ್ಲಿ ಅಪ್ಪನನ್ನು ಸ್ಟೀರಿಂಗಿನ ಹಿಂದೆ ಕೂರಿಸಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು.

ಅವರ ಕೈಕಾಲಿಗೆ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೇರು ಸರಾಗವಾಗಿ ಬಿದ್ದಾಗ ತಮ್ಮ ಕೈಯನ್ನೇ ಅಚ್ಚರಿಯಿಂದ ನೋಡಿಕೊಂಡು ನನ್ನ ಮುಖ ನೋಡುತ್ತಿದ್ದರು. ಹೂಂ ಎಂದರೆ ಮುಂದೆ, ಊಹೂಂ ಎಂದರೆ ಅಲ್ಲೇ. ಸಿಗ್ನಲ್ಲಿನಲ್ಲಿ ಹೇಗೆ ನಿಲ್ಲಬೇಕೆಂದು ಹೇಳಿಕೊಟ್ಟೆ. ಕೆಂಪು ದೀಪವೆಂದು ಊಹಿಸಿಕೊಂಡು ಗೆರೆಯ ಹಿಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ನಾನು "ಹೊರಡಿ" ಎನ್ನುವ ತನಕ ಕಾಯುತ್ತಿದ್ದರು. ಭಾನುವಾರ ರಾತ್ರಿ ಅವರಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಪಾಪ, ಮುದುಕನಿಗೆ ಸಮಾಧಾನವಾಗಲಿ ಎಂದು ಮಾಡಿದೆ ಅಂತ ಹೇಳಿಕೊಳ್ಳಬಹುದು. ಅದೊಂದೇ ಅಲ್ಲ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸ ಚೆನ್ನಾಗಿದೆ ಎಂದು ಒಂದು ದಿನವೂ ಬಾಯಿ ತೆರೆದು ಹೇಳದ ಮನುಷ್ಯ ಈಗ ಪ್ರತಿ ಭಾನುವಾರ ಕಾರಿನಿಂದಿಳಿದು, ತುಂಬಾ ಚೆನ್ನಾಗಿ ಕಲಿಸ್ತೀರಿ ಮೇಡಂ ಎನ್ನುತ್ತಿದ್ದರು. ಆ ಮಾತಿಗೆ ನಾನು ಹಸಿದಿದ್ದೆ. ಅದಕ್ಕೇ ಕರೆದುಕೊಂಡು ಹೋಗುತ್ತಿದ್ದೆ.

ಎಲ್ಲರಿಗೂ ಕೊಡುವಂತೆ ಅವರಿಗೂ ಒಂದು ಕಾರ್ಡು ಮಾಡಿಕೊಟ್ಟಿದ್ದೆ. ಒಂದು ಕ್ಲಾಸಿಗೆ ಒಂದು ಗುರುತು. ಬೆಳಗ್ಗೆ ತಿಂಡಿ ತಿಂದದ್ದು ಮರೆಯುವವರು ಆ ಕಾರ್ಡನ್ನು ಜೇಬಿನಿಂದ ಬಿಡುತ್ತಿರಲಿಲ್ಲ. ಹದಿನಾರನೆಯ ಭಾನುವಾರ ಅಂಗಳದಲ್ಲಿ ಕಾರು ನಿಲ್ಲಿಸಿ, ಕಾರ್ಡು ತೆಗೆದು ಬೆರಳಿಟ್ಟು ಎಣಿಸಿದರು.

"ಹದಿನೈದು ಆಯ್ತು ಮೇಡಂ. ಇವತ್ತು ನೀವು ಇಳೀಬೇಕಲ್ವಾ?"

ಇಲ್ಲ ಎನ್ನಬಹುದಿತ್ತು. ಇನ್ನೂ ನಾಲ್ಕು ಕ್ಲಾಸು ಬೇಕು ಎಂದಿದ್ದರೆ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದರು. ಆದರೆ ಹದಿನೈದು ಕ್ಲಾಸು ಸರಿಯಾಗಿ ಮುಗಿಸಿದವರಿಗೆ ಒಂಟಿ ಸುತ್ತು ಇಲ್ಲವೆನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಗೋಡೆಯ ಒಳಗೇ ತಾನೇ ಎಂದುಕೊಂಡೆ. ಇಳಿದೆ, ಬಾಗಿಲು ಹಾಕಿದೆ, ಕಟ್ಟಡವನ್ನು ಒಂದು ಸುತ್ತು ಹಾಕಿ ಇಲ್ಲಿಗೇ ಬನ್ನಿ ಎಂದೆ. ಅಪ್ಪ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಹೊರಟರು. ಕಟ್ಟಡದ ಮೂಲೆಯಲ್ಲಿ ತಿರುಗಿ ಮರೆಯಾದರು.

ಆ ದಾರಿಗೆ ಎರಡನೇ ಗೇರೇ ಹೆಚ್ಚು. ನನಗೆ ಕೇಳಿಸಿದ್ದು ಮೂರನೇ ಗೇರಿನ ಸದ್ದು. ಆಮೇಲೆ ಆ ಸದ್ದು ದೂರವಾಯಿತು. ಕಟ್ಟಡದ ಹಿಂದೆ ಒಂದು ಗೇಟಿತ್ತು, ವರ್ಷಗಳಿಂದ ಬೀಗ ಹಾಕಿದ್ದು. ಅದರ ಹಿಂದಿನ ದಿನ ಹಳೇ ಕಬ್ಬಿಣದವರು ಬಂದು ಅದನ್ನು ಕಳಚಿಕೊಂಡು ಹೋಗಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಈಗ ಹೇಳುವುದನ್ನು ಯಾರೂ ನಂಬಲಿಕ್ಕಿಲ್ಲ. ನಾನು ಓಡಲಿಲ್ಲ. ಕಟ್ಟಡದ ಹಿಂದೆ ಹೋಗಿ ಇಣುಕಲೂ ಇಲ್ಲ. ಯಾರಿಗೂ ಫೋನ್ ಮಾಡಲಿಲ್ಲ. ನಿಂತ ಜಾಗದಲ್ಲೇ ನಿಂತೆ. ಬರುತ್ತಾರೆ, ಬಂದಾಗ ನಾನು ಕಾಣದಿದ್ದರೆ ಗಾಬರಿಯಾಗುತ್ತಾರೆ ಎಂದುಕೊಂಡೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಇನ್ನೈದು ನಿಮಿಷ ನೋಡೋಣ, ಇನ್ನೈದು ನಿಮಿಷ ನೋಡೋಣ ಎಂದು ನಿಂತು ಹತ್ತೂವರೆ ಮಾಡಿದೆ. ಬೇರೆ ಯಾರ ಮಗಳೇ ಆಗಿದ್ದರೂ ಐದನೆಯ ನಿಮಿಷಕ್ಕೆ ಕಿರುಚಿಕೊಂಡು ರಸ್ತೆಗೆ ಓಡುತ್ತಿದ್ದಳು. ನಾನು ಬ್ರೇಕ್ ಮೇಷ್ಟ್ರ ಮಗಳು, ನಿಯಮ ಪಾಲಿಸಿದೆ.

ಮನೆಗೆ ನಡೆದು ಬಂದಾಗ ಹನ್ನೊಂದು ದಾಟಿತ್ತು. ಮೊದಲು ತಮ್ಮನಿಗೆ ಫೋನ್ ಮಾಡಿದೆ. ಅಪ್ಪ ಇಲ್ಲ, ಬಿಳಿ ಕಾರೂ ಇಲ್ಲ ಎಂದೆ. ಅವನು ಕೇಳಿದ ಮೊದಲ ಪ್ರಶ್ನೆ, ಕೀ ಯಾರು ಕೊಟ್ಟರು ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. ನನ್ನ ಮಾತು ಕೇಳಿಸಿಕೊಂಡು ಒಳಗೆ ಓಡಿ ಡಬ್ಬಿ ಹಿಡಿದುಕೊಂಡು ಬಂದು, ಬೆಳಗ್ಗೆ ದಾರ ತಗೊಂಡವಳು ಮುಚ್ಚಳ ಹಾಕದೆ ಹೋದೆನಲ್ಲಾ ಎಂದು ಎದೆ ಬಡಿದುಕೊಂಡಳು. ಅವಳು ಮುಚ್ಚಳ ಹಾಕಿಯೇ ಹೋಗಿದ್ದಳು. ತೆಗೆದಿಟ್ಟವಳು ನಾನು. ತಪ್ಪು ಹೊರಲು ಒಂದು ತಲೆ ತಾನಾಗಿ ಸಿಕ್ಕಿತ್ತು, ನಾನು ಸುಮ್ಮನಿದ್ದೆ. ಆಫೀಸಿನಲ್ಲಿ ಅರ್ಜಿ ತುಂಬುತ್ತಿದ್ದೆ, ಹನ್ನೊಂದರ ಹೊತ್ತಿಗೆ ಕಾರಿನ ಸದ್ದು ಕೇಳಿತು, ಹೊರಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು ಎಂದೆ. ಪೊಲೀಸರಿಗೂ ಅದನ್ನೇ ಬರೆಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಆ ಹನ್ನೊಂದು ಗಂಟೆಯನ್ನು ವಾಪಸ್ ತೆಗೆದುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಹುಡುಕಿದರು. ಊರಿಗೆ ಊರೇ ಹುಡುಕಿತು, ಎಲ್ಲರೂ ಅಪ್ಪನ ಶಿಷ್ಯರೇ. ಆಸ್ಪತ್ರೆ, ಬಸ್ ನಿಲ್ದಾಣ, ಕೆರೆಯ ದಂಡೆ, ಗ್ಯಾರೇಜು ಯಾವುದನ್ನೂ ಬಿಡಲಿಲ್ಲ. ತಮ್ಮ ಲ್ಯಾಬಿಗೆ ರಜೆ ಹಾಕಿ ಬೈಕಿನಲ್ಲಿ ಅಲೆದು ಅರ್ಧ ಆದ. ಯಾರೋ ಒಬ್ಬರು ಕಂಡೆನೆಂದು ಫೋನ್ ಮಾಡುವುದು, ಇವನು ಓಡುವುದು, ಅದು ಬೇರೆ ಯಾವನೋ ಮುದುಕ ಆಗಿರುವುದು. ಪೊಲೀಸರು ಹತ್ತೂವರೆಯಿಂದ ಸಂಜೆಯವರೆಗಿನ ಕ್ಯಾಮೆರಾಗಳನ್ನೆಲ್ಲ ನೋಡಿದರು. ಬಿಳಿ ಕಾರು ಊರು ಬಿಟ್ಟು ಹೋಗಿಲ್ಲ, ಒಳಗೇ ಎಲ್ಲೋ ಇದೆ ಎಂದು ತೀರ್ಮಾನಿಸಿ ಓಣಿ ಓಣಿ ಜಾಲಾಡಿದರು. ನಾನೂ ಅವರ ಜೊತೆ ಹೋಗುತ್ತಿದ್ದೆ. ಕಾರು ಅಲ್ಲಿರುವುದಿಲ್ಲ ಎಂದು ಗೊತ್ತಿದ್ದೂ ಬಗ್ಗಿ ಬಗ್ಗಿ ಶೆಡ್ಡುಗಳೊಳಗೆ ನೋಡುತ್ತಿದ್ದೆ.

ಅಮ್ಮ ಹೊಲಿಗೆ ಬಿಟ್ಟಳು. ಊಟಕ್ಕೆ ಕೂತಾಗ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಈ ಕೈಗೆ ಲಕ್ವ ಹೊಡೀಬಾರದಿತ್ತಾ ಎನ್ನುತ್ತಿದ್ದಳು. ತಮ್ಮ ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಒಂದು ಡಬ್ಬಿಯ ಮುಚ್ಚಳ ಹಾಕಲು ಆಗಲಿಲ್ಲವೇ ಎಂದು ಒಮ್ಮೆ ಕೇಳಿಯೂ ಬಿಟ್ಟ. ನಾನು ಎದ್ದು ಹೋಗಿ ಇನ್ನೊಂದು ಕಾರು ತೊಳೆದೆ. ಆ ತಿಂಗಳಲ್ಲಿ ಆ ಕಾರನ್ನು ಎಷ್ಟು ಸಲ ತೊಳೆದೆನೋ ಲೆಕ್ಕವಿಲ್ಲ. ಶಿಷ್ಯರು ತಪ್ಪು ಮಾಡದಿದ್ದರೂ ನನ್ನ ಕಾಲು ಬ್ರೇಕು ಒತ್ತಿಬಿಡುತ್ತಿತ್ತು. ನೆಟ್ಟಗೆ ಓಡಿಸುತ್ತಿದ್ದವರ ತಲೆ ಸ್ಟೀರಿಂಗಿಗೆ ಬಡಿಯುತ್ತಿತ್ತು. ಇಬ್ಬರು ಕ್ಲಾಸು ಬಿಟ್ಟರು. ಯಾರಾದರೂ ಗಂಟೆ ಎಷ್ಟಾಯಿತು ಎಂದು ಕೇಳಿದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಬೆಚ್ಚುತ್ತಿದ್ದೆ.

ಇಪ್ಪತ್ತೆಂಟನೆಯ ದಿನ ಇನ್‌ಸ್ಪೆಕ್ಟರು ಮನೆಗೆ ಬಂದರು. ಅವರೂ ಅಪ್ಪನ ಶಿಷ್ಯರೇ. ಆಫೀಸಿನ ಬೆಂಚಿನ ಮೇಲೆ ಕೂತು ಸಂಕೋಚದಿಂದಲೇ ಹೇಳಿದರು: ಊರ ಹೊರಗಿನ ಸೇತುವೆಯ ಸಿಗ್ನಲ್ ಕ್ಯಾಮೆರಾದಲ್ಲಿ ಮೂವತ್ತು ದಿನದ ಚಿತ್ರ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ. ಪೊಲೀಸರು ನೋಡಬೇಕಾದ ಹೊತ್ತಿನದನ್ನೆಲ್ಲ ನೋಡಿಯಾಗಿದೆ. ಮನೆಯವರಿಗೆ ಬೇರೇನಾದರೂ ನೆನಪಾದರೆ ನಾಳೆಯೊಳಗೆ ತಿಳಿಸಬೇಕು. ಅಮ್ಮ ಎಂಟು ಸಲ ಕೈಮುಗಿದಳು. ನಾನು ಎಂಟೂ ನಲವತ್ತನ್ನು ಒಳಗೇ ಇಟ್ಟುಕೊಂಡು ಅವರನ್ನು ಗೇಟಿನವರೆಗೆ ಬಿಟ್ಟು ಬಂದೆ.

ಮರುದಿನ ಬೆಳಗ್ಗೆ ಮೊದಲ ಕ್ಲಾಸಿನವನನ್ನು ಮಧ್ಯದಲ್ಲೇ ಇಳಿಸಿ ಠಾಣೆಗೆ ಹೋದೆ. ಹೇಳಿದರೆ ತಮ್ಮ ನನ್ನ ಮುಖ ನೋಡುವುದಿಲ್ಲ, ಅಮ್ಮನಿಗೆ ಏನಾಗುತ್ತದೋ ಗೊತ್ತಿಲ್ಲ. ಹೇಳದಿದ್ದರೆ ಅಪ್ಪ ಎತ್ತ ಹೋದರೆಂದು ತಿಳಿಯುವ ಕೊನೆಯ ದಾರಿಯೂ ಅಳಿಸಿಹೋಗುತ್ತದೆ. ಮೇಜಿನ ಮುಂದೆ ನಿಂತೇ ಎಲ್ಲವನ್ನೂ ಹೇಳಿದೆ. ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಹೋಗಿ ಕಂಪ್ಯೂಟರಿನವನಿಗೆ ಎಂಟೂವರೆಯಿಂದ ಹಾಕಲು ಹೇಳಿದರು.

ಒಂಬತ್ತು ಗಂಟೆ ಆರು ನಿಮಿಷಕ್ಕೆ ಬಿಳಿ ಕಾರು ಬಂತು. ಸಿಗ್ನಲ್ಲು ಕೆಂಪಿತ್ತು. ಅಪ್ಪ ಗೆರೆಯ ಹಿಂದೆ ನಿಲ್ಲಿಸಿದರು. ಚಿತ್ರ ಮಸುಕಾಗಿದ್ದರೂ ಅವರ ಹೆಗಲು ಅಲುಗಿದ್ದು ಕಂಡಿತು, ಹ್ಯಾಂಡ್‌ಬ್ರೇಕು ಎಳೆದರು. ದೀಪ ಹಸಿರಾಯಿತು. ಕಾರು ಹೊರಡಲಿಲ್ಲ. ಅಪ್ಪ ಪಕ್ಕದ ಸೀಟಿನ ಕಡೆಗೆ ತಿರುಗಿ ನೋಡುತ್ತಿದ್ದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದಿರಬೇಕು, ದೀಪ ಮಿನುಗಿಸಿದ. ಅಪ್ಪ ಇನ್ನೂ ನೋಡುತ್ತಲೇ ಇದ್ದರು. ಕೊನೆಗೆ ಯಾರೋ ಏನೋ ಹೇಳಿದಂತೆ ತಲೆಯಾಡಿಸಿ ಮುಂದಕ್ಕೆ ತಿರುಗಿ ಹೊರಟರು. ಪಕ್ಕದಲ್ಲಿ ಯಾರಿದ್ದರು ಎಂದು ಕಂಪ್ಯೂಟರಿನವನು ಕೇಳಿದ. ಯಾರೂ ಇರಲಿಲ್ಲ ಎಂದೆ.

ಸೇತುವೆ ದಾಟಿ ಎರಡು ಮೈಲಿಗೆ ರಸ್ತೆ ಮೂರಾಗಿ ಒಡೆಯುತ್ತದೆ. ಒಂದು ಬೆಟ್ಟದ ಕಡೆಗೆ, ಒಂದು ಬಂದರಿಗೆ, ಒಂದು ಗಡಿಗೆ. ಆ ಕವಲಿನಲ್ಲಿ ಒಂದು ಪೆಟ್ರೋಲ್ ಬಂಕಿದೆ, ಅದರ ಕ್ಯಾಮೆರಾಕ್ಕೆ ಮೂರೂ ರಸ್ತೆ ಕಾಣುತ್ತದೆ. ಇನ್‌ಸ್ಪೆಕ್ಟರು ಆಗಲೇ ಫೋನ್ ಮಾಡಿದರು. ಮಾತಾಡುತ್ತಾ ಆಡುತ್ತಾ ಅವರ ದನಿ ಇಳಿಯಿತು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಅವರು ಹದಿನೈದು ದಿನದ್ದು ಮಾತ್ರ ಇಟ್ಕೊಳ್ತಾರಂತೆ ಅಕ್ಕಾ. ಅಷ್ಟರೊಳಗೆ ಬಂದಿದ್ರೆ ಯಾವ ರಸ್ತೆ ಅಂತಾದ್ರೂ ಗೊತ್ತಾಗ್ತಿತ್ತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರು ರಸ್ತೆಯ ಠಾಣೆಗಳಿಗೂ ಹೇಳಿಕಳಿಸುತ್ತೇನೆ ಎಂದರು. ಹೇಳಿಕಳಿಸಿದರು ಕೂಡ. ವರ್ಷ ಎರಡಾಯಿತು, ಈವತ್ತಿನವರೆಗೆ ಕಾರಿನ ಒಂದು ಗಾಜಿನ ಚೂರೂ ಸಿಕ್ಕಿಲ್ಲ.

ಅಂದು ಠಾಣೆಯಿಂದ ನೇರ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು. ಎದುರಿಗೆ ಕೂತು ಒಂದೂ ಬಿಡದೆ ಹೇಳಿದೆ: ಹದಿನಾರು ಭಾನುವಾರ, ಡಬ್ಬಿಯ ಮುಚ್ಚಳ, ನಾನು ನಿಂತಿದ್ದದ್ದು, ಸುಳ್ಳು ಬರೆಸಿದ್ದು, ಸೇತುವೆ, ಕವಲು. ಅಮ್ಮ ಕೈ ನಿಲ್ಲಿಸಲಿಲ್ಲ. ಬೀನ್ಸೆಲ್ಲ ಮುಗಿದ ಮೇಲೆ ತನ್ನ ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅಪ್ಪ ಸರಿಯಾಗಿ ಓಡಿಸುತ್ತಿದ್ದರಾ ಎಂದು ಮೊದಲು ಕೇಳಿದಳು. ಓಡಿಸುತ್ತಿದ್ದರು ಎಂದೆ. ಅವರು ಅಷ್ಟು ಬೇಡಿಕೊಂಡಿದ್ದರೆ ನಾನೂ ಕೀ ಕೊಟ್ಟುಬಿಡುತ್ತಿದ್ದೆನೋ ಏನೋ ಎಂದಳು. ನನಗೆ ಉಸಿರು ಬಂದಂತಾಯಿತು.

ಆಮೇಲೆ ಅವಳು ಬಂಕಿನಲ್ಲಿ ಆ ಚಿತ್ರ ಯಾವತ್ತಿನವರೆಗೆ ಇತ್ತು ಎಂದು ಕೇಳಿದಳು. ಎರಡು ವಾರ ಕಳೆದ ಮಾರನೆಯ ದಿನ, ಸೋಮವಾರದವರೆಗೆ ಎಂದೆ. ಅಮ್ಮ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದಳು. ಒಂದು ಬೆರಳಿನ ಹತ್ತಿರ ನಿಂತಳು.

"ಆ ಸೋಮವಾರ ನೀನು ತಲೆನೋವು ಅಂತ ಮಲಗಿದ್ದೆ. ನಾನು ಬೆಳಗ್ಗಿನಿಂದ ಸಂಜೆ ತನಕ ನಿನ್ನ ತಲೆ ಒತ್ತುತ್ತಾ ಕೂತಿದ್ದೆ, ಈ ಕೈಯಲ್ಲೇ. ಅವತ್ತಾದ್ರೂ ಹೇಳಬಹುದಿತ್ತಲ್ಲೇ."

ಅವಳು ತಟ್ಟೆ ಎತ್ತಿಕೊಂಡು ಒಲೆಯ ಕಡೆ ತಿರುಗಿದಳು. ಅಂದಿನಿಂದ ಅಮ್ಮ ನನ್ನ ಜೊತೆ ಊಟ ಮಾಡುತ್ತಾಳೆ, ಮಾತಾಡುತ್ತಾಳೆ, ಅಂಗಿಗೆ ಗುಂಡಿ ಹಚ್ಚಿಕೊಡುತ್ತಾಳೆ. ಆದರೆ ತಲೆನೋವೆಂದು ಮಲಗಿದರೆ ಬಾಗಿಲಿನವರೆಗೆ ಬಂದು ನೋಡಿ, ಮಾತ್ರೆ ಎಲ್ಲಿದೆಯೆಂದು ಹೇಳಿ ಹೋಗುತ್ತಾಳೆ.